ಮೌನೇಶ ಮಾಸ್ತರರ ಮುಂದೆ ಓಡಿದವರು

ಇದನ್ನು ಯಾರೋ ಹೇಳಿ ನಾನು ಕೇಳಿದ್ದಲ್ಲ. ಇದರಲ್ಲಿ ತಪ್ಪು ಮಾಡಿದವನೇ ನಾನು. ಸುಳ್ಳು ಹೇಳುವುದಿದ್ದರೆ ನನ್ನ ತಪ್ಪನ್ನಾದರೂ ಮುಚ್ಚಿಡುತ್ತಿದ್ದೆ.

ಶಹಾಪುರದ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಬೆಳಿಗ್ಗೆ ಐದು ಕಿಲೋಮೀಟರ್ ಓಡಿದರೆ ಇಡೀ ದಿನ ಕಾಲು ಒತ್ತಿಕೊಳ್ಳುವ ಪೈಕಿ. ಆದರೆ ಹಗಲು ರಾತ್ರಿ ನೂರು ಕಿಲೋಮೀಟರ್ ಓಡುವವರೆಂದರೆ ಹುಚ್ಚು ಅಭಿಮಾನ. ಸುರಪುರದ ಆಟದ ಮಾಸ್ತರ ಮೌನೇಶ ಎರಡು ಸಲ ಐವತ್ತು ಓಡಿ, ನೂರರ ಪಂದ್ಯಕ್ಕೆ ತಯಾರಿ ನಡೆಸಿದ್ದರು. ಒಂದು ರಾತ್ರಿ ಪೂರ್ತಿ ಓಡಿ ನೋಡುತ್ತೇನೆ ಎಂದಾಗ, ಬೈಕಿನಲ್ಲಿ ಹಿಂದೆ ಬೆಳಕು ಹಿಡಿದು ಬರಲು ನಾನೇ ಮುಂದಾದೆ.

ಹುಣಸಗಿ ಕಡೆಯ ಕಾಲುವೆ ರಸ್ತೆ. ಬೇಸಿಗೆ, ಕಾಲುವೆಯಲ್ಲಿ ಹನಿ ನೀರಿರಲಿಲ್ಲ. ಆಗಾಗ ಬಾಳೆಹಣ್ಣು, ಉಪ್ಪು-ಸಕ್ಕರೆ ನೀರು ಕೊಡುತ್ತ, ಅವರ ಹೆಜ್ಜೆ ಸಪ್ಪಳ ಕೇಳುತ್ತ ಹೊರಟಿದ್ದೆ.

ರಾತ್ರಿ ಮೂರರ ಸುಮಾರಿಗೆ ಅವರು ತಿರುಗದೆಯೇ ಹೇಳಿದರು, "ಸರ, ಮುಂದ ಯಾರೋ ಓಡಾಕತ್ತಾರ."

ಬೆಳಕಿನಲ್ಲಿ ಬರೀ ರಸ್ತೆ... ನನಗೆ ಹೆದರಿಕೆಯಾಗಲಿಲ್ಲ, ಖುಷಿಯಾಯಿತು. ನಿದ್ದೆಗೆಟ್ಟು ಓಡುವವರಿಗೆ ಇಲ್ಲದ ಮನುಷ್ಯರು ಕಾಣುತ್ತಾರೆಂದು ಓದಿದ್ದೆ. ನಮ್ಮ ಮಾಸ್ತರರೂ ಆ ಮಟ್ಟ ಮುಟ್ಟಿದರಲ್ಲ ಎಂದು ಹಿಗ್ಗಿ ಹೋದೆ.

"ಛಲೋ ಆತು. ಅವ್ರ ಬೆನ್ನ ಹತ್ತಿ ಹೋಗ್ರಿ," ಎಂದೆ.

ಹೋದರು. ಬೈಕಿನ ವೇಗದ ಮುಳ್ಳು ಇಪ್ಪತ್ತು... ಮೂವತ್ತು... ನಲವತ್ತು ದಾಟಿತು. ನನಗೂ ಮಾಸ್ತರರಿಗೂ ನಡುವಿನ ಅಂತರ ಮಾತ್ರ ಕಡಿಮೆಯಾಗಲಿಲ್ಲ. ಒಣ ಕಾಲುವೆಯಿಂದ ಹಸಿ ಕೆಸರಿನ ವಾಸನೆ ಬರತೊಡಗಿತು. ಎಂಜಿನ್ ಸದ್ದಿನಲ್ಲೂ ಹೆಜ್ಜೆ ಕೇಳುತ್ತಿದ್ದವು... ಮಾಸ್ತರರ ಬೂಟಿನವು, ಅವುಗಳ ಮುಂದೆ ಬರಿಗಾಲಿನವು. ಹಾರ್ನ್ ಹೊಡೆದೆ, ಕೂಗಿದೆ, ಕಡೆಗೆ ಅತ್ತೇಬಿಟ್ಟೆ. ಮಾಸ್ತರರು ಬೆಳಕಿನಾಚೆ ಹೋಗಿಬಿಟ್ಟರು.

ಬೆಳಗಾದಾಗ ಒಂದು ತೂಬಿನ ಕಟ್ಟೆಯ ಮೇಲೆ ಕೂತಿದ್ದರು. ಬೂಟು ಹರಿದು ಪಾದವೆಲ್ಲ ರಕ್ತ. ಮೈಮೇಲೆ ಒಂದು ಹನಿ ಬೆವರಿರಲಿಲ್ಲ.

ಅಂದಿನಿಂದ ದಿನಾ ರಾತ್ರಿ ಎದ್ದು ಓಡಲು ಹೋಗುತ್ತಾರೆ. ಬಾಗಿಲಿಗೆ ಬೀಗ ಹಾಕಿದ್ದಾಯಿತು, ಯಾದಗಿರಿಯ ದವಾಖಾನೆಯೂ ಆಯಿತು. ಮೈ ಇಳಿದು ಎಲುಬು ಎಣಿಸುವಂತಾಗಿದೆ. ಹೀಗೇ ಹೋದರೆ ಉಳಿಯುವುದಿಲ್ಲ ಎಂದಿದ್ದಾರೆ ಡಾಕ್ಟರು. ಮಾಸ್ತರರ ಹೆಂಡತಿ ನೀಲಮ್ಮ ನನ್ನನ್ನು ಬೈಯಲೂ ಇಲ್ಲ.

"ನಿಮ್ಮ ಮಾತಿಗೆ ಹೋಗ್ಯಾರ ಅಣ್ಣಾರ. ನೀವೇ ಹೇಳಿ ನಿಲ್ಲಸ್ರಿ."

ಮೊನ್ನೆ ಹೋಗಿ, ಮಾಸ್ತರರ ಕೈ ಹಿಡಿದು ಬೇಡಿಕೊಂಡೆ. ಅವರು ಸಮಾಧಾನದಿಂದ ಎಲ್ಲ ಕೇಳಿಸಿಕೊಂಡು, ನನ್ನ ಬೆನ್ನ ಹಿಂದಿನ ಬಾಗಿಲ ಕಡೆ ನೋಡಿದರು.

"ನನಗ್ಯಾಕ ಹೇಳ್ತೀರಿ ಸರ? ಅವರಿಗೆ ಹೇಳ್ರಿ. ಅವರು ನಿಂತ್ರ ನಾನೂ ನಿಲ್ತೀನಿ."

ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ.