ಐದನೇ ಸೀಟಿನ ಮಾಪುವಾನಾ

ದ್ವೀಪದ ಕೊಲ್ಲಿಯ ದಡದಲ್ಲಿರುವ ಹಿಲೊ ಊರಿನಲ್ಲಿ ಮಾಪುವಾನಾ ಸೋಜಾಳ ಗಂಟಲು ಅವಳೊಬ್ಬಳದೇ ಆಗಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಶಾಲೆಯ ಅಡುಗೆಮನೆಯಲ್ಲಿ ಅದಕ್ಕೆ ಕೆಲಸ ಶುರು. “ಮಾಪು, ಇನ್ನೊಂದು ಪಾತ್ರೆ ಅನ್ನ ಇಡ್ಲಾ?” “ಮಾಪು, ಕೋಳಿ ಬೆಂದಿದ್ಯಾ ನೋಡೇ!” ಎಂದು ನಾಲ್ಕು ಮೂಲೆಯಿಂದ ಕೇಳುವವರಿಗೆ ಒಲೆಯ ಮುಂದಿನಿಂದಲೇ ಕೂಗಿ ಹೇಳಬೇಕು. ಮಧ್ಯಾಹ್ನ ತಟ್ಟೆ ಹಿಡಿದು ನೂಕಾಡುವ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವುದೂ ಆ ಗಂಟಲೇ. ಮನೆಗೆ ಬಂದರೆ ಮಾವನಿಗೆ ಕಿವಿ ದೂರ. ಅವರಿಗೆ ಕಾಫಿ ಬೇಕಾ ಎಂದು ಕೇಳಿದರೆ ಪಕ್ಕದ ಮನೆಯವರು ಬೇಡ ಎನ್ನಬೇಕು, ಅಷ್ಟು ಜೋರು. ಗಂಡ ಅಲಪಾಕಿ ಒಳ್ಳೆಯವನೇ, ಆದರೆ ಕಣ್ಣೆದುರಿಗಿರುವ ಚಪ್ಪಲಿಯೂ ಹೆಂಡತಿ ಕೂಗಿ ಹೇಳದ ಹೊರತು ಅವನಿಗೆ ಕಾಣುತ್ತಿರಲಿಲ್ಲ.

ಇಷ್ಟು ಮುಗಿಸಿ ಸಂಜೆ ಕೊಲ್ಲಿಯ ದಡಕ್ಕೆ ಬಂದರೆ ಅಲ್ಲೂ ಅದೇ. ದೋಣಿ ಕ್ಲಬ್ಬಿನಲ್ಲಿ ಐವತ್ತು ದಾಟಿದ ಹೆಂಗಸರ ತಂಡಕ್ಕೆ ಅವಳು ಮೂರನೇ ಸೀಟು, ಅಂದರೆ ಕೂಗುವವಳು. ಆರು ಜನ ಒಬ್ಬರ ಹಿಂದೊಬ್ಬರು ಕೂತು, ಒಬ್ಬರು ಎಡಕ್ಕೆ, ಇನ್ನೊಬ್ಬರು ಬಲಕ್ಕೆ ಹುಟ್ಟು ಹಾಕುತ್ತಾರೆ. ಇಷ್ಟು ಎಳೆತಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಮಗ್ಗುಲು ಬದಲಿಸಬೇಕು. ಎಳೆತ ಎಣಿಸುವುದು ಮಾಪು. “ಹಟ್!” ಎಂದು ಎಚ್ಚರಿಸಿ “ಹೋ!” ಎಂದು ಬದಲಿಸುವುದೂ ಮಾಪು. ಅಲೆ ತಡೆಯಲು ಕಟ್ಟಿದ ದೂರದ ತಡೆಗೋಡೆಯ ಹತ್ತಿರ ಅವಳು ಕೂಗಿದರೆ ದಡದಲ್ಲಿ ಬಲೆ ಬೀಸುವವರು ತಲೆ ಎತ್ತುತ್ತಿದ್ದರು. ವರ್ಷಗಟ್ಟಲೆ ಆ ನೀರಿನ ಮೇಲೆ ಓಡಾಡಿದರೂ ಮಾಪುವಿಗೆ ಕೊಲ್ಲಿಯೆಂದರೆ ಬರೀ ಎಣಿಕೆ. ಮನೆಗೆ ಹೋಗಿ ಮಲಗಿದ ಮೇಲೂ ತಲೆಯೊಳಗೆ ಅದು ನಿಲ್ಲುತ್ತಿರಲಿಲ್ಲ. ಸಾಕಾಗಿದೆ ಎಂದು ಯಾರಿಗಾದರೂ ಹೇಳಬೇಕು ಅನ್ನಿಸಿದರೆ, ಅದನ್ನೂ ಕೂಗಿಯೇ ಹೇಳಬೇಕಲ್ಲ ಎಂದು ಸುಮ್ಮನಾಗುತ್ತಿದ್ದಳು.

ಆ ವರ್ಷ ಅವಳ ಕತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಕೆಟ್ಟ ಗಂಟಲ್ಲ, ಆದರೂ ತೆಗೆಯಲೇಬೇಕು ಎಂದರು ಡಾಕ್ಟರು. ತೆಗೆದ ಮೇಲೆ ದನಿ ಹೋಯಿತು. ಹೀಗಾಗುವುದುಂಟು, ಮರಳಿ ಬಂದರೆ ನಿಧಾನವಾಗಿ ಬರುತ್ತದೆ ಎಂದು ಅವರು ಮೊದಲೇ ಹೇಳಿದ್ದರು. ಉಳಿದದ್ದು ಒಂದು ಪಿಸುಗುಟ್ಟು ಮಾತ್ರ, ಒಣಗಿದ ಬಾಳೆಲೆ ಸವರಿದಂಥದ್ದು.

ಅಡುಗೆಮನೆಯಲ್ಲಿ ಅವಳು ಸೌಟಿನಿಂದ ಪಾತ್ರೆ ಬಡಿದು ಕೈ ತೋರಿಸಲು ಶುರುಮಾಡಿದಳು. ವಾರ ಕಳೆಯುವುದರೊಳಗೆ ಎಲ್ಲರಿಗೂ ಅಕ್ಕಿ ಎಲ್ಲಿದೆ ಎಂದು ತಾನಾಗಿಯೇ ಗೊತ್ತಾಯಿತು. ಅಲಪಾಕಿಗೆ ಚಪ್ಪಲಿ ಕಂಡಿತು. ಮಾವ ಅವಳ ಕೈಸನ್ನೆ ನೋಡಿ ತಲೆಯಾಡಿಸುತ್ತಿದ್ದವರು ಒಂದು ದಿನ ಅಂದರು: “ಈಗ ವಾಸಿ ಕಣಮ್ಮಾ. ಇಷ್ಟು ವರ್ಷ ನಿಂಗೆ ನನ್ನ ಮೇಲೆ ಏನೋ ಸಿಟ್ಟು ಅನ್ಕೊಂಡಿದ್ದೆ.” ಮಾಪುವಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಎರಡಕ್ಕೂ ಸದ್ದಿರಲಿಲ್ಲ.

ಹೊಲಿಗೆ ಮಾಗಿದ ಮೇಲೆ ದಡಕ್ಕೆ ಹೋದಳು. ಚುಕ್ಕಾಣಿ ಹಿಡಿಯುವ ಫ್ಯೂಮಿಯೆ ಆಂಟಿ ಎಪ್ಪತ್ತು ದಾಟಿದ ಹೆಂಗಸು. ಕ್ಲಬ್ಬಿನಲ್ಲಿ ಅವಳ ಮಾತೇ ಕೊನೆ. ಮಾಪುವಿನ ಕತ್ತಿನ ಗಾಯ ನೋಡಿ, “ಐದರಲ್ಲಿ ಕೂತ್ಕೋ. ಅಮಾ ನೋಡ್ಕೊಂಡು, ನೀರು ಬಂದ್ರೆ ತೋಡಿ ಹಾಕು,” ಎಂದಳು. ದೋಣಿಯ ಎಡಕ್ಕೆ ಕಟ್ಟಿದ ತೇಲುಮರವೇ ಅಮಾ. ಅದು ನೀರಿನಿಂದ ಮೇಲೆದ್ದರೆ ದೋಣಿ ಮಗುಚುತ್ತದೆ. ಮೂರನೇ ಸೀಟಿಗೆ ರೊವೀನಾ ಬಂದಳು. ಬ್ಯಾಂಕಿನ ಕಿಟಕಿಯ ಹಿಂದೆ ಕೂತು ಮೆಲ್ಲಗೆ ಮಾತಾಡಿ ಅಭ್ಯಾಸವಾದವಳು. ಮೊದಲ ದಿನ ಅವಳು ಕೂಗಿದ್ದು ಮುಂದೆ ಕೂತಿದ್ದ ಡೆಲ್ಫೀನಳಿಗೆ ಕೇಳಿಸಲೇ ಇಲ್ಲ.

“ಏನೇ ಅದು, ಸೊಳ್ಳೆ ಗುಂಯ್ ಅಂತಾ?” ಡೆಲ್ಫೀನ್ ತಿರುಗದೆಯೇ ಕೇಳಿದಳು. “ಬಾಯಿಬಿಟ್ಟು ಕೂಗೇ ತಾಯಿ, ದುಡ್ಡು ಕೇಳೋಕ್ ಬಂದಿಲ್ಲ ಇಲ್ಲಿ ಯಾರೂ!”

“ಎಣಿಸೋದೇ ತಪ್ಪೋಯ್ತು ಡೆಲ್ಫೀನ್, ಇರು!”

ಹಿಂದೆ ಕೂತ ಮಾಪುವಿಗೆ ಎಣಿಸುವ ಕೆಲಸವಿರಲಿಲ್ಲ. ಮುಂದಿನ ಬೆನ್ನು ಬಾಗಿದಾಗ ಬಾಗುವುದು, ಎದ್ದಾಗ ಏಳುವುದು, ಅಷ್ಟೇ. ಸ್ವಲ್ಪ ದೂರ ಹೋಗುವ ಹೊತ್ತಿಗೆ ಆರು ಹುಟ್ಟುಗಳೂ ಒಂದೇ ಏಟಿಗೆ ನೀರಿಗಿಳಿದವು. ದೋಣಿ ಒಮ್ಮೆ ಉಸಿರೆಳೆದುಕೊಂಡಂತೆ ಮೇಲೆದ್ದು ಜಾರಿತು. ಎಳೆತ ಮತ್ತು ಎಳೆತದ ನಡುವೆ, ಯಾರೂ ಏನೂ ಮಾಡದ ಒಂದು ಗಳಿಗೆಯಲ್ಲಿ, ಅದು ತಾನಾಗಿಯೇ ಓಡುತ್ತಿತ್ತು. ಇದು ಯಾವಾಗಲೂ ಹೀಗೇ ಓಡುತ್ತಿತ್ತೇ? ಬದಿಯಲ್ಲಿ ನೀರು ಹಸಿರಿದ್ದದ್ದು ತಡೆಗೋಡೆಯ ಹತ್ತಿರ ಕಪ್ಪಾಯಿತು. ಮೌನಾ ಕೇಯ ಬೆಟ್ಟದ ತಲೆಯ ಮೇಲಿನ ಮೋಡ ಸರಿದು ಬಿಸಿಲು ಬಿತ್ತು. ಒಂದು ಆಮೆ ತಲೆ ಎತ್ತಿ, ಇವರನ್ನು ನೋಡಿ, ಮತ್ತೆ ಮುಳುಗಿತು. ಮಾಪುವಿನ ಕೈ ನೋಯುತ್ತಿತ್ತು, ಸೊಂಟ ನೋಯುತ್ತಿತ್ತು, ದಿನವಿಡೀ ಒಲೆಯ ಮುಂದೆ ನಿಂತ ಕಾಲು ಜೋಮು ಹಿಡಿದಿತ್ತು. ಆದರೆ ಆಯಾಸ ಅವಳ ಮೈಯಲ್ಲಿ ಮಾತ್ರ ಇತ್ತು; ತಲೆಗೆ ಹತ್ತಿರಲಿಲ್ಲ. ದಡಕ್ಕೆ ಬಂದು ದೋಣಿ ಎತ್ತಿಡುವಾಗ ಕೆನ್ನೆ ಒದ್ದೆಯಾಗಿರುವುದು ಗೊತ್ತಾಯಿತು. ಸಮುದ್ರದ ನೀರು ಎಂದು ಒರೆಸಿಕೊಂಡಳು.

ದನಿ ಬಂದದ್ದು ಕಾರಿನಲ್ಲಿ. ಕೆಲಸದಿಂದ ಮನೆಗೆ ಹೋಗುವಾಗ ಮುಂಗುಸಿಯೊಂದು ಚಕ್ರದ ಮುಂದೆ ಹಾದುಹೋಯಿತು. “ಏಯ್!” ಎಂದು ಚೀರಿದಳು. ಮುಂಗುಸಿ ಪೊದೆಗೆ ನುಗ್ಗಿತು. ಮಾಪು ಗಾಡಿ ಬದಿಗೆ ನಿಲ್ಲಿಸಿ, ಗಾಜು ಏರಿಸಿ, ಮೆಲ್ಲಗೆ “ಹಟ್” ಎಂದಳು. ಆಮೇಲೆ ಜೋರಾಗಿ “ಹೋ!” ಎಂದಳು. ಸ್ವಲ್ಪ ಒಡಕು, ಆದರೆ ಅದೇ ದನಿ.

ಸಂಜೆ ಹೇಳಬೇಕು ಎಂದುಕೊಂಡೇ ಹೋದಳು. ಡೆಲ್ಫೀನ್ ಅವಳನ್ನು ಕಂಡದ್ದೇ, “ಬಂತೇನೇ ದನಿ? ಬೇಗ ಬಂದು ಮೂರರಲ್ಲಿ ಕೂತ್ಕೊಳ್ಳೇ, ಪುಣ್ಯ ಬರುತ್ತೆ,” ಎಂದಳು. ಮಾಪುವಿನ ತಲೆ, ಅವಳ ಅಪ್ಪಣೆ ಕೇಳದೆ, ಇಲ್ಲ ಎಂದು ಅಲ್ಲಾಡಿತು.

ಅಲ್ಲಿಂದ ಶುರುವಾದ ಸುಳ್ಳು ತಿಂಗಳುಗಟ್ಟಲೆ, ದೋಣಿ ಪಂದ್ಯದವರೆಗೂ ನಡೆಯಿತು. ಎಲ್ಲರೆದುರು ಪಿಸುಗುಟ್ಟುತ್ತಿದ್ದಳು, ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಹಾಡುತ್ತಿದ್ದಳು. ಚರ್ಚಿನಲ್ಲಿ ಡೆಲ್ಫೀನ್ ಎದ್ದುನಿಂತು, ನಮ್ಮ ಮಾಪುವಿನ ದನಿಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡ ದಿನ ಅವಳಿಗೆ ಊಟ ಸೇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಪಂದ್ಯದ ದಿನ ಕೊಲ್ಲಿಯ ಉದ್ದಕ್ಕೂ ಕ್ಲಬ್ಬುಗಳ ಡೇರೆಗಳು ಎದ್ದಿದ್ದವು. ಅನ್ನ, ಸಾರಿನಲ್ಲಿ ಬೆಂದ ಗೋಮಾಂಸ, ಮಳೆ ನಿಂತ ಮರಳಿನ ವಾಸನೆ. ಅಲಪಾಕಿ ಅಪ್ಪನನ್ನೂ ಕರೆತಂದು ಕುರ್ಚಿ ಹಾಕಿ ಕೂರಿಸಿದ್ದ. ಇವರ ಸರದಿ ಬಂತು. ಹೋಗುವಾಗ ಮೂರನೆಯವರಾಗಿದ್ದರು, ರೊವೀನಾ ಚೆನ್ನಾಗಿಯೇ ಕೂಗುತ್ತಿದ್ದಳು. ಹಿಂದಿರುಗಲು ನೀರಿನಲ್ಲಿ ಗುರುತಿಟ್ಟ ಬಾವುಟವನ್ನು ಸುತ್ತಿ ತಿರುಗುವಲ್ಲಿ ಪಕ್ಕದ ದೋಣಿ ತೀರಾ ಹತ್ತಿರ ಬಂತು. ರೊವೀನಾ ಗಾಬರಿಯಾಗಿ ಹೊತ್ತಲ್ಲದ ಹೊತ್ತಿನಲ್ಲಿ “ಹಟ್” ಎಂದಳು. ಕೆಲವರು ಬದಲಿಸಿದರು, ಕೆಲವರು ಬದಲಿಸಲಿಲ್ಲ. ಅದೇ ಹೊತ್ತಿಗೆ ಎಡದಿಂದ ಒಂದು ಅಲೆ ಬಂದು ಅಮಾವನ್ನು ಪೂರ್ತಿ ಮೇಲೆತ್ತಿತು.

“ಎಡಕ್ಕೆ! ಎಲ್ರೂ ಎಡಕ್ಕೆ ಬಾಗ್ರೇ!”

ಕೂಗುತ್ತಲೇ ಮಾಪು ಎಡಕ್ಕೆ ಮೈಚೆಲ್ಲಿ ಅಮಾ ಕಟ್ಟಿದ ಅಡ್ಡಮರದ ಮೇಲೆ ಬಿದ್ದಳು. ಐದು ಮೈಗಳು ಅವಳ ಮಾತಿಗೆ ಯಾವತ್ತಿನಂತೆ ಬಾಗಿದವು. ಅಮಾ ಧಪ್ಪೆಂದು ನೀರಿಗೆ ಬಿತ್ತು. ಆಮೇಲೆ ಯಾರೂ ಅವಳತ್ತ ತಿರುಗಲಿಲ್ಲ, ತಿರುಗುವ ಹೊತ್ತೂ ಅದಾಗಿರಲಿಲ್ಲ. ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟಿದರು.

ದಡದಲ್ಲಿ ಫ್ಯೂಮಿಯೆ ಆಂಟಿ ಹುಟ್ಟನ್ನು ಮರಳಿಗೆ ಊರಿ ನಿಂತಳು. “ಯಾವಾಗ ಬಂತು?”

“ಈಸ್ಟರ್ ಕಳೆದ ಮೇಲೆ, ಆಂಟಿ.”

“ನಾವು ನಿಂಗೋಸ್ಕರ ಪ್ರಾರ್ಥನೆ ಮಾಡಿದ್ವಲ್ಲೇ!” ಡೆಲ್ಫೀನ್ ಕಿರುಚಿದಳು. “ದೇವರ ಹತ್ರ ನನ್ ಮಾನ ಕಳೆದ್ಯಲ್ಲೇ, ಪಾಪಿ!”

ರೊವೀನಾ ಕಿರುಚಲಿಲ್ಲ. “ನಾನು ದಿನಾ ಬ್ಯಾಂಕಿನ ಹಿಂದೆ ಕಾರಲ್ಲಿ ಕೂತು ಕೂಗೋದು ಅಭ್ಯಾಸ ಮಾಡ್ತಿದ್ದೆ, ಅಕ್ಕಾ. ನಿಮ್ ಹಾಗೆ ಬರಲ್ಲ ಅಂತ ಅಳ್ತಿದ್ದೆ. ನೀವು ಹಿಂದೆ ಕೂತು ಕೇಳ್ತಾ ಇದ್ರಿ.”

ಮಾಪು ಹುಟ್ಟನ್ನು ಕೆಳಗಿಟ್ಟಳು. “ತಪ್ಪಾಯ್ತು ರೊವೀನಾ. ನಂಗೆ ಸುಸ್ತಾಗಿತ್ತು ಕಣೇ. ತುಂಬಾ ವರ್ಷದಿಂದ. ಹಿಂದೆ ಕೂತ್ಕೊಂಡು ಬರೀ ಹುಟ್ಟು ಹಾಕ್ಬೇಕು ಅನ್ನಿಸ್ತು. ಕೇಳಿದ್ರೆ ನೀವು ಕೊಡಲ್ವೇನೋ ಅಂತ…”

“ಕೇಳ್ದೇನೇ ಹೇಗೆ ಗೊತ್ತಾಯ್ತು?” ಎಂದಳು ಆಂಟಿ. ಹುಟ್ಟನ್ನು ಮರಳಿನಿಂದ ಕಿತ್ತುಕೊಂಡು, “ಐದರಲ್ಲೇ ಇರು. ಸುಳ್ಳು ಮಾತ್ರ ಸಾಕು,” ಎಂದು ಊಟಕ್ಕೆ ಹೋದಳು.

ಮನೆಗೆ ಹೋಗುವಾಗ ಗಾಡಿ ಓಡಿಸುತ್ತಿದ್ದ ಅಲಪಾಕಿ ಅಂದ: “ಬಚ್ಚಲಲ್ಲಿ ಹಾಡೋದು ಕೇಳಿಸ್ತಿತ್ತು.”

“ಮತ್ಯಾಕೆ ಹೇಳಲಿಲ್ಲ?”

“ನೀನ್ ಮೆತ್ತಗೆ ಮಾತಾಡಿದ್ರೆ ನಾನು ಹತ್ರ ಬಂದು ಕೇಳ್ಬೇಕಿತ್ತಲ್ಲಾ. ಚೆನ್ನಾಗಿತ್ತು, ಇರ್ಲಿ ಅಂತ.” ಹಿಂದಿನ ಸೀಟಿನಲ್ಲಿ ಮಾವ ನಿದ್ದೆ ಹೋಗಿದ್ದರು.

ರೊವೀನಾ ಎರಡು ವಾರ ಅವಳೊಡನೆ ಮಾತಾಡಲಿಲ್ಲ. ಆದರೆ ಆ ಎರಡು ವಾರ ಅವಳು ಕೂಗಿದ ರೀತಿಗೆ ಡೆಲ್ಫೀನಳೇ ಬೆಚ್ಚಿಬಿದ್ದಳು, ಸಿಟ್ಟೆಲ್ಲ ಸೇರಿ “ಹಟ್!” ಎಂದರೆ ದಡದ ನಾಯಿ ಬೊಗಳುತ್ತಿತ್ತು. ಮೂರನೇ ವಾರ ಮಾಪು ಬಾಳೆಲೆಯಲ್ಲಿ ಬೇಯಿಸಿದ ಹಂದಿಮಾಂಸ ಕಟ್ಟಿಕೊಂಡು ಹೋದಳು. ರೊವೀನಾ ತಿಂದು, ಉಪ್ಪು ಜಾಸ್ತಿಯಾಯಿತು ಎಂದಳು. ಸದ್ಯಕ್ಕೆ ಅಷ್ಟು ಸಾಕಾಗಿತ್ತು.

ಅಂದು ಶಾಲೆಯ ಅಡುಗೆಮನೆಗೆ ಇಬ್ಬರು ಬಂದಿರಲಿಲ್ಲ, ಅವರ ಕೆಲಸವನ್ನೂ ನಿಂತೇ ಮಾಡಿ ಮಾಪುವಿನ ಕಾಲು ಊದಿತ್ತು. ಹನಿ ಮಳೆಯಲ್ಲೇ ದೋಣಿಯನ್ನು ನೀರಿಗಿಳಿಸಿದರು. ಅವಳು ಐದನೇ ಸೀಟಿನಲ್ಲಿ ಕೂತು ಮುಂದಿನ ಬೆನ್ನನ್ನು ನೋಡಿದಳು. ರೊವೀನಾ ಕೂಗಿದಳು. ಎಲ್ಲರೂ ಮಗ್ಗುಲು ಬದಲಿಸಿದರು.