ಚಿಗುರಿದ ಹಾಲುಗಂಬ

ನಮ್ಮ ಕಡೆ ಮದುವೆ ಮನೆಯಲ್ಲಿ ಚಪ್ಪರಕ್ಕಿಂತ ಮೊದಲು ನೆಡುವುದು ಹಾಲುಗಂಬ. ಹೆಣ್ಣಿನ ಸೋದರಮಾವ ಹಾಲವಾಣದ ಹಸಿ ಕೊಂಬೆಯೊಂದನ್ನು ಕಡಿದು ತರಬೇಕು. ಮುತ್ತೈದೆಯರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಗುಣಿಗೆ ಹಾಲು ತುಪ್ಪ ಬಿಟ್ಟು, ಸೋಬಾನೆ ಹೇಳುತ್ತಾ ನಿಲ್ಲಿಸುತ್ತಾರೆ. ಮದುವೆ ಕಳೆದು ಚಪ್ಪರ ಬಿಚ್ಚಿದ ಮೇಲೂ ಆ ಕಂಬವನ್ನು ಕೀಳುವುದಿಲ್ಲ. ಅದು ಚಿಗುರಿದರೆ ಕೊಟ್ಟ ಹೆಣ್ಣಿನ ಬಾಳು ಚಿಗುರಿದ ಹಾಗೆ. ಒಣಗಿದರೆ ಯಾರೂ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಒಂದು ದಿನ ಸದ್ದಿಲ್ಲದೆ ಒಲೆ ಸೇರಿರುತ್ತದೆ.

ನನ್ನ ನಾದಿನಿಯ ಮದುವೆಯ ಕಂಬ ಚಿಗುರಿತು.

ನಾನು ಹಲಗೂರಿನ ಹತ್ತಿರದ ಊರಿಗೆ ಸೊಸೆಯಾಗಿ ಬಂದು ಬಹಳ ದಿನವೇನೂ ಆಗಿರಲಿಲ್ಲ. ನಮ್ಮದು ರಾಗಿ, ಹುರುಳಿಯ ಬೆದ್ದಲು ನೆಲ. ಮಂಡ್ಯದ ಕಡೆಗೆ ನಾಲೆ ನೀರು ಬಂದು ಎರಡು ಮೂರು ಬೆಳೆ ಆಗಿತ್ತು. ಅಲ್ಲಿ ಬತ್ತ, ಕಬ್ಬು, ಸಕ್ಕರೆ ಕಾರ್ಖಾನೆ ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ಹೆಣ್ಣು ಹೆತ್ತವರಿಗೆಲ್ಲ ನೀರಿನ ಊರಿಗೇ ಕೊಡಬೇಕೆಂಬ ಆಸೆ. ಗುತ್ತಲಿನಿಂದ ಆಚೆಗಿನ ಒಂದು ಹಳ್ಳಿಯಲ್ಲಿ ಗಂಡು ಸಿಕ್ಕಿದಾಗ ನಮ್ಮ ಮಾವನವರು ಊರಲ್ಲೆಲ್ಲ ಹೇಳಿಕೊಂಡು ತಿರುಗಿದರು, "ನನ್ ಮಗ ಇನ್ಮ್ಯಾಕೆ ದಿನಾ ಅನ್ನ ಉಣ್ತದೆ ಕಣ್ರಪ್ಪ" ಎಂದು. ಮಗಳನ್ನು ಅವರು 'ಮಗ' ಎಂದೇ ಕರೆಯುತ್ತಿದ್ದರು.

ಕಂಬ ತಂದವನು ಅತ್ತೆಯ ತಮ್ಮ. ಅವನು ಮದ್ದೂರಿನ ಸರ್ಕಾರಿ ಬಂಗಲೆಯಲ್ಲಿ ತೋಟದ ಮಾಲಿ. ನಮ್ಮೂರ ಬೇಲಿಗಳಲ್ಲಿದ್ದ ಮುಳ್ಳು ಹಾಲವಾಣವನ್ನೆಲ್ಲ ಆ ಬೇಸಿಗೆ ಮೇಕೆಗೆಂದು ಬೋಳಿಸಿಬಿಟ್ಟಿದ್ದರು. ಅದಕ್ಕೇ ಅವನು ಬಂಗಲೆಯ ಮುಂದೆ ಅಂದಕ್ಕೆಂದು ಬೆಳೆಸಿದ್ದ ಗಿಡ್ಡ ಜಾತಿಯ ಹಾಲವಾಣದ ಕೊಂಬೆಯನ್ನು ತಂದ. ತೊಗಟೆ ನಯವಾಗಿತ್ತು, ಮುಳ್ಳು ಕಡಿಮೆ.

"ಏನ್ಲಾ, ಕಂಬಕ್ಕೂ ಬಂಗ್ಲೆದೇ ಬೇಕಾಯ್ತಾ?" ಎಂದು ನೆಂಟರೊಬ್ಬರು ಕೆಣಕಿದರು.

"ಊಂ ಮತ್ತೆ. ನನ್ ಸೊಸೆ ಏನ್ ಕಮ್ಮಿನಾ? ಹೂ ಬುಟ್ರೆ ನೋಡ್ಬೇಕು ನೀವು, ಗಿಡಕ್ಕೆ ಬೆಂಕಿ ಬಿದ್ದಂಗಿರ್ತದೆ. ಬೀಜ ಮಾತ್ರ ಹುಷಾರು. ಕೆಂಪಗೆ ಹವಳದಂಗೆ ಮುದ್ದಾಗಿರ್ತವೆ, ಬಾಯ್ಗಾಕುದ್ರೆ ನಂಜು."

"ನಿಮ್ಮಕ್ಕನ ಹಂಗೆ ಅನ್ನು" ಎಂದರು ಮಾವ. ಹೆಂಗಸರೆಲ್ಲ ನಕ್ಕೆವು. ಅತ್ತೆ ಕೈಲಿದ್ದ ಅರಿಶಿನವನ್ನು ಮಾವನ ಬೆನ್ನಿಗೆ ಬಳಿದರು.

ಮೊದಲ ಮಳೆ ಬಿದ್ದದ್ದೇ ಕಂಬದ ಗಂಟುಗಂಟಿನಲ್ಲೂ ಚಿಗುರು ಒಡೆಯಿತು. ಮಾವ ಅದಕ್ಕೆ ಕಾರೆಮುಳ್ಳು ಕಟ್ಟಿದರು, ಬಚ್ಚಲ ನೀರನ್ನು ಅದರ ಬುಡಕ್ಕೆ ತಿರುಗಿಸಿದರು. ಬೆಳಿಗ್ಗೆ ಎದ್ದವರು ದನದ ಮುಖ ನೋಡುವ ಮೊದಲು ಅದರ ಮುಖ ನೋಡುತ್ತಿದ್ದರು. ಹಂಬಲ ಹೆಚ್ಚಾದ ದಿನ ಒಂದು ಚೆಂಬು ನೀರು ಜಾಸ್ತಿ. ಮಗಳಿಗೆ ಮಾಡಬೇಕಾದ್ದನ್ನೆಲ್ಲ ಆ ಗಿಡಕ್ಕೆ ಮಾಡಿದರು ಎಂದು ಈಗ ಅನ್ನಿಸುತ್ತದೆ.

ಆಷಾಢಕ್ಕೆ ನಾದಿನಿ ತವರಿಗೆ ಬಂದಳು. ಬಸ್ಸಿನಿಂದ ಇಳಿದವಳ ಕೈಗಂಟನ್ನು ನಾನು ಈಸಿಕೊಂಡೆ. ಮುಖ ಬಿಳಿಚಿಕೊಂಡಿತ್ತು, ಕೈಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಮಾವ ಮಾತ್ರ ಅವಳನ್ನು ಕೈಹಿಡಿದು ನೇರ ಗಿಡದ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿದರು.

"ನೋಡವ್ವ, ನೀನು ಹೆಂಗ್ ಎದ್ದಿದ್ದೀಯ!"

ಅವಳು ನಕ್ಕಳು. ಆಮೇಲೆ ನಾವಿಬ್ಬರೇ ಅವರೆಕಾಳು ಹಸನು ಮಾಡುತ್ತಾ ಕೂತಿದ್ದಾಗ ಹೇಳಿದಳು, "ಅತ್ಗೆ, ಆ ಗಿಡ ನನ್ಗಿಂತ ಚೆಂದಾಗದೆ. ಅದ್ನೇ ಗಂಡನ ಮನೆಗೆ ಕಳ್ಸಿ, ನಾನಿಲ್ಲಿ ಬೇಲಿ ಒಳ್ಗೆ ನಿಂತ್ಕತೀನಿ."

"ಅನ್ನ ಉಂಡು ದಪ್ಪ ಆಯ್ತೀಯ ಅಂದ್ಕಂಡಿದ್ದೆ ಕಣೆ."

"ನಾವು ಅನ್ನ ಉಣ್ತೀವಿ, ಸೊಳ್ಳೆ ನಮ್ಮನ್ನ ಉಣ್ತವೆ. ನಾಲೆ ಬದೀಲಿ ಎಲ್ಲಾರ ಮನೇಲೂ ಒಬ್ರಲ್ಲ ಒಬ್ರು ಕಂಬಳಿ ಹೊದ್ದು ಮಲಗವ್ರೆ."

ಆ ವಾರವೇ ಅವಳಿಗೂ ಚಳಿ ಬಂತು. ನಡುಹಗಲಲ್ಲಿ, ಹೊರಗೆ ಬಿಸಿಲು ಕಾಯುತ್ತಿದ್ದಾಗ, ಹಲ್ಲು ಕಟಕಟ ಅನ್ನುವ ಹಾಗೆ ನಡುಗಿದಳು. ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿ ನಾನು ಮೇಲೆ ಒರಗಿಕೊಂಡೆ. ಅತ್ತೆ ಅಮೃತಬಳ್ಳಿ ಕಷಾಯ ಕೊಟ್ಟರು. ಬೆವರಿ ಜ್ವರ ಬಿಟ್ಟಿತು. ನಮ್ಮ ಒಣ ಗಾಳಿಗೋ ಏನೋ, ತಿಂಗಳು ಮುಗಿಯುವ ಹೊತ್ತಿಗೆ ಸ್ವಲ್ಪ ಕಳೆ ಬಂದಿತ್ತು. ಗಂಡ ಬಂದ, ಕಳಿಸಿಕೊಟ್ಟೆವು.

ದೀಪಾವಳಿಯ ಆಸುಪಾಸಿನಲ್ಲಿ ಮಂಡ್ಯಕ್ಕೆ ಗಾಡಿ ಹೊಡೆಯುತ್ತಿದ್ದ ನಮ್ಮೂರಿನವನೊಬ್ಬ ಸುದ್ದಿ ತಂದ. ಜಗಲಿಯ ಮೇಲೆ ಕೂರದೆ ನಿಂತೇ ಹೇಳಿದ.

"ನಿಮ್ ಕೂಸ್ಗೆ ದಿನಾ ಬುಟ್ಟು ದಿನ ಚಳಿಜ್ವರ ಕಣವ್ವ. ಒಟ್ಟೇಲಿ ಜ್ವರಗಡ್ಡೆ ಬೇರೆ ಕಟ್ಕಂಡದೆ. ಮೂರು ತಿಂಗ್ಳ ಬಸುರಿಯಂತೆ. ಅವ್ರತ್ತೆ ಕೆಟ್ಟೋರಲ್ಲ. 'ಎಣ್ ಕೊಟ್ಟೋರು ಅವ್ರೇ ಬಂದು ಕೇಳುದ್ರೆ ಕಳುಸ್ತೀವಿ, ನಾವಾಗಿ ಕಳುಸುದ್ರೆ ಕಾಯ್ಲೆ ಎಣ್ಣ ಓಡುಸ್ಬುಟ್ರು ಅಂತಾರೆ' ಅಂದ್ರು. ಬ್ಯಾಗ ಓಗಿ."

ಅತ್ತೆ ಮಾವನ ಹತ್ತಿರ ಬಂದು ನಿಂತರು. ಮಾವ ಎದ್ದು ಗಿಡದ ಹತ್ತಿರ ಹೋದರು. ಅದು ಅಷ್ಟು ಹೊತ್ತಿಗೆ ಆಳೆತ್ತರ ಆಗಿತ್ತು. ಅಂಗೈಯಗಲದ ಎಲೆಗಳು, ಒಂದಕ್ಕೂ ಹುಳು ಹಿಡಿದಿರಲಿಲ್ಲ. ಮಾವ ಎಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಬಾರೆ ಇಲ್ಲಿ. ನೋಡು ಇದ್ನ. ಇಂಗೆ ಅಸ್ರಾಗಿ ನಿಂತಿರುವಾಗ ನನ್ ಮಗಿಗೆ ಏನಾಗ್ತದೆ? ಬಸುರಿ ಅಂದ್ಮ್ಯಾಲೆ ಮೈ ಸೊರಗ್ತದೆ. ನೀನು ಸೊರಗ್ನಿಲ್ವಾ?"

"ಗಿಡ ನೋಡ್ಬ್ಯಾಡಿ, ಮಗ್ಳ ನೋಡ್ಕ ಬನ್ನಿ ಅಂದ್ರೆ..."

"ಬೇಡ್ಕಂಡ್ ಓಗಿ ಕರ್ಕಬಂದ್ರೆ ನೀರಿನೂರಲ್ಲಿ ಬಾಳಕ್ಕಾಗ್ನಿಲ್ಲ ಅಂತ ಅವ್ಳಿಗೇ ಕೆಟ್ಟೆಸ್ರು ಬತ್ತದೆ. ಇದು ಬಾಡ್ಲಿ. ಬಾಡಿದ್ ದಿನ ಮುದ್ದೆ ಸೈತ ಉಣ್ದೆ ಹೊಂಡ್ತೀನಿ. ದೇವ್ರಾಣೆ."

ನಾನು ನನ್ನ ಗಂಡನಿಗೆ ಹೇಳಿದೆ. ಅವರು ನೊಗದ ಮಿಣಿ ಹೊಸೆಯುತ್ತಿದ್ದರು, ತಲೆ ಎತ್ತಲಿಲ್ಲ. "ಅಪ್ಪ ಇರುವಾಗ ನಾನ್ ಓಗಿ ಕೇಳುದ್ರೆ ಅವ್ರು ಕಳುಸ್ತಾರಾ? 'ನಿಮ್ಮಪ್ಪಂಗೆ ಏನಾಗದೆ' ಅಂತಾರೆ." ಅದೂ ನಿಜವೇ ಆಗಿತ್ತು.

ಆಮೇಲೆ ಬಂದದ್ದು ಇನ್ನೂ ಕಷ್ಟದ ದಿನ. ಗಿಡ ಬಾಡದೆ ಮಾವ ಹೊರಡುವುದಿಲ್ಲ. ಗಿಡ ಬಾಡುವಂತೆ ಮಾಡುವುದು ಏನು ಮಹಾ? ಈ ಯೋಚನೆ ನನಗೆ ಬಂದಿತ್ತು. ಅತ್ತೆಗೂ ಬಂದಿತ್ತು ಎಂದು ಗೊತ್ತಾದದ್ದು ಒಂದು ಮಧ್ಯಾಹ್ನ. ಗಂಡಸರು ಹುರುಳಿ ಕೀಳಲು ಹೋಗಿದ್ದರು. ಅತ್ತೆ ಬಚ್ಚಲ ಹಂಡೆಯಿಂದ ಕುದಿಯುವ ನೀರನ್ನು ಗಡಿಗೆಗೆ ಮೊಗೆದುಕೊಂಡು, ಸೆರಗಿನಲ್ಲಿ ಹಿಡಿದು ಹೊರಗೆ ಹೋದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮುಳ್ಳನ್ನು ಸರಿಸಿದರು. ಗಡಿಗೆಯನ್ನು ಬುಡದ ಹತ್ತಿರ ಬಗ್ಗಿಸಿದರು. ಆವಿ ಎಲೆಗಳ ಮೇಲಕ್ಕೆ ಏರಿತು. ಹಾಗೇ ನಿಂತರು. ನೀರು ಬೀಳಲಿಲ್ಲ.

ನಾನು ಹತ್ತಿರ ಹೋದೆ. ಅವರ ಕೈ ಸುಟ್ಟು ಕೆಂಪಾಗಿತ್ತು.

"ಆಗಕಿಲ್ಲ ಕಣವ್ವ ನಂಗೆ," ಎಂದರು. "ಒಂದ್ ಪಕ್ಷ ನಿಜವಾಗ್ಲೂ ಇದ್ರಲ್ಲೇ ಅವ್ಳ ಜೀವ ಇದ್ರೆ? ಹೆತ್ತೋಳು ನಾನೇ ಸುಟ್ಟಂಗಾಗ್ತದಲ್ಲ."

ನಾನು ಗಡಿಗೆಯನ್ನು ಈಸಿಕೊಂಡು ಒಳಗೆ ತಂದೆ. ಆ ನೀರಿನಲ್ಲಿ ಪಾತ್ರೆ ತೊಳೆದೆ. ನಾನಾದರೂ ಹುಯ್ಯಬಹುದಿತ್ತಲ್ಲ ಎಂದು ಓದುವವರು ಅಂದುಕೊಳ್ಳಬಹುದು. ಮನೆಯ ಹಾಲುಗಂಬದ ಬುಡಕ್ಕೆ ಸೊಸೆ ಬಿಸಿನೀರು ಹುಯ್ದರೆ ಯಾರ ಸಾವು ಬಯಸಿದಳು ಅನ್ನುತ್ತಾರೆಂದು ನಮ್ಮ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪುಷ್ಯದ ಚಳಿ ಬಿದ್ದಾಗ ಎಲೆ ತಾನಾಗಿಯೇ ಹಳದಿಯಾಯಿತು. ಒಂದೆರಡು ದಿನ ಉದುರಿತು, ಆಮೇಲೆ ಗಾಳಿ ಬೀಸಿದ ಹಾಗೆಲ್ಲ ರಾಶಿರಾಶಿ. ಒಂದು ಬೆಳಿಗ್ಗೆ ನೋಡಿದರೆ ಗಿಡ ಬೋಳು. ಮಾವ ಉದುರಿದ ಎಲೆಯೊಂದನ್ನು ಎತ್ತಿ ನೋಡಿದರು. ಆಣೆ ಇಟ್ಟಂತೆ ಒಂದು ತುತ್ತೂ ತಿನ್ನದೆ ಹೊರಟರು. ಅತ್ತೆ ಬಾಗಿಲಿಗೆ ನೀರು ಹಾಕಿ, "ಕರ್ಕಂಡೇ ಬನ್ನಿ, ನಾಳಿಕ್ಕೆ ಅನ್ಬ್ಯಾಡಿ" ಎಂದರು. ಅವರ ಮುಖದಲ್ಲಿ ಗಾಬರಿಯ ಜೊತೆಗೆ ಒಂದು ನೆಮ್ಮದಿಯೂ ಇತ್ತು. ನಾನು ಒಳಮನೆಯಲ್ಲಿ ಅವಳಿಗೆ ಹಾಸಿಗೆ ಬಿಸಿಲಿಗೆ ಹಾಕಿ, ಹಳೆಯ ಸೀರೆಗಳನ್ನು ಒಗೆದು ಇಟ್ಟೆ.

ಸಂಜೆ ಬಸ್ಸಿಗೆ ಮಾವ ಒಬ್ಬರೇ ಬಂದರು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ನಗುತ್ತಿದ್ದರು.

ನಡೆದದ್ದು ಇಷ್ಟು. ಮಂಡ್ಯದ ರೈಲು ಹಿಡಿಯಲು ಮದ್ದೂರಿನಲ್ಲಿ ಇಳಿದವರು ಇನ್ನೂ ಹೊತ್ತಿದೆ ಎಂದು ಬಾಮೈದನನ್ನು ಕಾಣಲು ಬಂಗಲೆಗೆ ಹೋಗಿದ್ದಾರೆ. ಅಲ್ಲಿ ನೋಡಿದರೆ ಸಾಲುಸಾಲು ಹಾಲವಾಣ, ಎಲ್ಲವೂ ಬೋಳು.

"ಇದ್ಯಾಕ್ಲಾ ಹಿಂಗೆ?" ಎಂದು ಕೇಳಿದ್ದಾರೆ.

"ಇದ್ರ ಗುಣವೇ ಹಂಗೆ ಭಾವ. ಹೂ ಬುಡಕ್ಕೆ ಮುಂಚೆ ಎಲೆ ಉದುರ್ಸ್ತದೆ. ಇನ್ನೊಂದು ತಿಂಗ್ಳು ತಡೀರಿ, ಕಣ್ಣು ಕೋರೈಸ್ತದೆ" ಎಂದಿದ್ದಾನೆ ಅವನು.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಗಳ ಕಾಯಿಲೆಯ ಮಾತನ್ನು ಮಾವ ಅವನ ಹತ್ತಿರ ಎತ್ತಿಯೇ ಇರಲಿಲ್ಲ; ಎತ್ತಿದ್ದರೆ ಅವನೇ ಎಳೆದುಕೊಂಡು ಹೋಗುತ್ತಿದ್ದ. ಮಾವ ಕೇಳಿದ್ದು ಎಲೆಯ ವಿಚಾರ. ಉತ್ತರ ಸಿಕ್ಕಿತು. ಎದೆ ಹಗುರಾಯಿತು. ಅಲ್ಲಿಂದಲೇ ಹಿಂದಕ್ಕೆ ಬಸ್ಸು ಹತ್ತಿದರು.

"ಹೂವಾಗ್ತದಂತೆ ಕಣೆ! ಬಸುರಿ ಎಣ್ಣಲ್ವಾ, ಅದ್ಕೇ ಗಿಡವೂ ಹೂ ಕಟ್ತಾ ಅದೆ" ಎಂದು ಹಣ್ಣನ್ನು ಅತ್ತೆಯ ಮುಂದೆ ಇಟ್ಟರು. "ಮಗಿಗೆ ಅಂತ ತಗಂಡಿದ್ದೆ. ನೀವೇ ತಿನ್ನಿ."

ಅತ್ತೆ ಆ ಹಣ್ಣನ್ನು ಮುಟ್ಟಲಿಲ್ಲ. ಕಪ್ಪಾಗುವವರೆಗೂ ಅದು ಗೂಡಿನಲ್ಲೇ ಇತ್ತು. ಕೊನೆಗೆ ದನಕ್ಕೆ ಹಾಕಿದೆ.

ಮಾಘದಲ್ಲಿ ಹೂ ಬಂತು. ಒಂದೇ ಒಂದು ಎಲೆಯೂ ಇಲ್ಲದ ರೆಂಬೆಗಳ ತುದಿಯಲ್ಲಿ ಗೊಂಚಲು ಗೊಂಚಲು ಕೆಂಪು. ಗೊರವಂಕ, ಕಾಗೆ ಎಲ್ಲ ಅದರ ಮೇಲೆಯೇ. ಸಂತೆಗೆ ಹೋಗುವವರು ನಿಂತು ನೋಡುತ್ತಿದ್ದರು. ಇಬ್ಬರು ಮೂವರು ತಮ್ಮ ಮನೆಯ ಮದುವೆಗೆ ಇದರದ್ದೇ ಕೊಂಬೆ ಬೇಕೆಂದು ಹೇಳಿಟ್ಟರು. ಮಾವ ಅವರಿಗೆಲ್ಲ ಎಲೆ ಅಡಿಕೆ ಕೊಟ್ಟು ಕಳಿಸಿದರು. ಹಾಗೆ ಯಾರೋ ಬಂದವರ ಜೊತೆ ಜಗಲಿಯಲ್ಲಿ ಮಾತಾಡುತ್ತಿದ್ದಾಗಲೇ ಆ ಗಾಡಿಯವನು ಮತ್ತೆ ಬಂದ. ಈ ಸಲ ರುಮಾಲು ಕೈಯಲ್ಲಿತ್ತು. ಅವನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆ ಕಿರುಚಿದರು.

ಬಸುರು ಇಳಿದು ಹೋಗಿ, ಅದರ ಮೇಲೆ ಜ್ವರ ಏರಿ, ಅವಳು ತೀರಿಕೊಂಡಿದ್ದಳು. ನಾವು ಹೋಗುವ ಹೊತ್ತಿಗೆ ನಾಲೆಯ ಬದುವಿನಲ್ಲಿ ಮಣ್ಣು ಮಾಡಲು ಕಾದಿದ್ದರು. ಮಾವ ಮಗಳ ಮುಖದ ಮೇಲಿನ ಬಟ್ಟೆ ಸರಿಸಿದವರು ಬಹಳ ಹೊತ್ತು ನೋಡಿದರು. ನೋಡಬೇಕಾದ್ದು ಇದು ಎಂದು ಆಗ ಗೊತ್ತಾದವರ ಹಾಗೆ.

ಹೂ ಉದುರಿ ಕಾಯಾಯಿತು, ಕಾಯಿ ಒಣಗಿ ಬಿರಿಯಿತು. ಒಂದೊಂದು ಸಿಪ್ಪೆಯೊಳಗೂ ಕೆಂಪು ಬೀಜ. ಅತ್ತೆ ನಸುಕಿನಲ್ಲಿ, ಮಾವ ಏಳುವ ಮುಂಚೆಯೇ, ಗಿಡದ ಕೆಳಗೆ ಗುಡಿಸಿ ಆ ನಂಜಿನ ಬೀಜವನ್ನೆಲ್ಲ ಬಚ್ಚಲ ಒಲೆಗೆ ಹಾಕುತ್ತಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ಮಾವ ಆ ದಿನಗಳಲ್ಲಿ ಮಾತು ಬಿಟ್ಟಿದ್ದರು, ಗಿಡದ ಕೆಳಗೇ ಕೂತಿರುತ್ತಿದ್ದರು. ಅತ್ತೆಗೆ ಸೊಂಟ ಹಿಡಿದ ದಿನ ನಾನು ಗುಡಿಸಿದೆ.

ಬೇಸಿಗೆ ಮುಗಿಯುವಾಗ ಮಾವ ಕೊಡಲಿ ತೆಗೆದುಕೊಂಡು ಬಂದು ಗಿಡವನ್ನು ಬುಡಸಮೇತ ಕಡಿದರು. ತುಂಡು ತುಂಡು ಮಾಡಿ ಹಿತ್ತಲ ತಿಪ್ಪೆಯ ಪಕ್ಕ ಎಸೆದರು. ಒಲೆಗೆ ಹಾಕಲು ಯಾರಿಗೂ ಮನಸ್ಸಾಗಲಿಲ್ಲ.

ಮಳೆ ಬಿತ್ತು. ಒಂದು ಸಂಜೆ ಮಾವ ಹಿತ್ತಲಿಗೆ ಹೋದವರು ಬರಲೇ ಇಲ್ಲ. ಅತ್ತೆಯೂ ನಾನೂ ಗಾಬರಿಯಿಂದ ಹೋಗಿ ನೋಡಿದೆವು. ಅವರು ತಿಪ್ಪೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದರು. ಎಸೆದಿದ್ದ ತುಂಡುಗಳೆಲ್ಲ ಚಿಗುರಿದ್ದವು. ಅಡ್ಡ ಬಿದ್ದದ್ದು, ತಲೆಕೆಳಗಾಗಿ ಬಿದ್ದದ್ದು, ಗೊಬ್ಬರದಲ್ಲಿ ಅರ್ಧ ಹೂತದ್ದು, ಎಲ್ಲವೂ. ಹೊಸ ಎಲೆ ಮಳೆಯಲ್ಲಿ ತೊಳೆದು ಹೊಳೆಯುತ್ತಿತ್ತು.

"ಎಲ್ಲಿ ಬಿಸಾಕುದ್ರೂ ಚಿಗುರ್ತದೆ ಕಣೆ ಇದು," ಎಂದರು ಮಾವ. ಅಷ್ಟು ದಿನಗಳ ಮೇಲೆ ಅವರ ಬಾಯಿಂದ ಬಂದ ಮಾತು. "ಯಾರಿಗೋಸ್ಕರಾನೂ ಅಲ್ಲ."

ಅತ್ತೆ ಅವರ ಪಕ್ಕ ಕೂತರು. "ನಾನೊಂದಿನ ಕುದಿಯೋ ನೀರು ತಂದಿದ್ದೆ, ಇದ್ರ ಬುಡಕ್ಕೆ ಹುಯ್ಯಕೆ. ಕೈ ಬರ್ನಿಲ್ಲ" ಎಂದರು.

ಮಾವ ಅವರ ಮುಖ ನೋಡಿದರು. ಬೈಯುತ್ತಾರೆ ಎಂದು ನಾನು ಹೆದರಿದೆ.

"ಹುಯ್ಬೇಕಾಗಿತ್ತು ಕಣೆ ನೀನು" ಎಂದರು. ಆಮೇಲೆ ಅತ್ತೆಯ ಕೈಯನ್ನು ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡು ಅತ್ತರು. ಮಣ್ಣು ಕೊಟ್ಟು ಬಂದ ದಿನವೂ ಅವರು ಅತ್ತಿರಲಿಲ್ಲ. ನಾನು ಅಲ್ಲಿ ನಿಲ್ಲಬಾರದೆಂದು ಒಳಗೆ ಬಂದು ಎಸರಿಗೆ ಇಟ್ಟೆ. ಕತ್ತಲಾದ ಮೇಲೆ ಇಬ್ಬರೂ ಕೈಕಾಲು ತೊಳೆದು ಬಂದರು. ಮಾವ ಅವತ್ತು ಕೇಳಿ ಮುದ್ದೆ ಹಾಕಿಸಿಕೊಂಡರು, ಆದರೆ ಅರ್ಧ ಉಂಡು ಎದ್ದರು.