ಬೆಂಬಲವಿಲ್ಲ

ಮದ್ದೂರಿನ ಬಸ್ ನಿಲ್ದಾಣದ ಎದುರು ನನ್ನದೊಂದು ಕಂಪ್ಯೂಟರ್ ಅಂಗಡಿ. ಜೆರಾಕ್ಸ್, ಅರ್ಜಿ ತುಂಬಿಕೊಡುವುದು, ಯಾರಾದರೂ ಕೇಳಿದರೆ ವೆಬ್‌ಸೈಟ್ ಮಾಡಿಕೊಡುವುದು. ಹಾಗೆ ಮಳವಳ್ಳಿಯ ಕಡೆ ಹೆಣ್ಣುಮಕ್ಕಳ ಹಾಸ್ಟೆಲೊಂದಕ್ಕೆ ಅರ್ಜಿ ಹಾಕುವ ಪುಟ ಮಾಡಿಕೊಟ್ಟಿದ್ದೆ.

ಹಳೇ ಫೋನುಗಳಲ್ಲಿ ಪುಟ ಕೆಟ್ಟು ಕಂಡರೆ ಬೈಸಿಕೊಳ್ಳುವವಳು ನಾನು. ಆ ರಗಳೆಯೇ ಬೇಡ ಎಂದು ಮೊದಲಿಗೇ ಒಂದು ತಪಾಸಣೆ ಇಟ್ಟೆ. ಬಂದವರ ಬ್ರೌಸರ್ ಯಾವುದು, ಎಷ್ಟು ಹಳೆಯದು ಎಂದು ಕೋಡ್ ನೋಡುತ್ತದೆ. ನನ್ನ ಪಟ್ಟಿಯಲ್ಲಿ ಇಲ್ಲದಿದ್ದರೆ ಅರ್ಜಿ ತೋರಿಸದೆ ಒಂದೇ ಸಾಲು ಹೇಳುತ್ತದೆ: ‘ಬೆಂಬಲವಿಲ್ಲ. ಪ್ರವೇಶ ಸಾಧ್ಯವಿಲ್ಲ.’ ‘ನಾಟ್ ಸಪೋರ್ಟೆಡ್’ ಎಂದು ಇಂಗ್ಲಿಷಿನಲ್ಲಿ ಬಿಡದೆ ಕನ್ನಡದಲ್ಲೇ ಬರೆದೆನೆಂದು ಬೀಗಿದ್ದೂ ಉಂಟು.

ಕಾಲೇಜು ಶುರುವಾದ ಮೇಲೆ ಆತಗೂರಿನ ಒಬ್ಬ ತಾಯಿ ಮಗಳ ಬಸ್ ಪಾಸಿಗೆ ಅರ್ಜಿ ಹಾಕಿಸಲು ಬಂದರು. ಹುಡುಗಿ ಮಳವಳ್ಳಿಯ ಕಾಲೇಜಿಗೆ ದಿನಾ ಎರಡು ಬಸ್ಸು ಹತ್ತಿಳಿಯಬೇಕು, ಮನೆ ಸೇರುವಷ್ಟರಲ್ಲಿ ಕತ್ತಲಾಗುತ್ತದೆ.

‘ಇಂಗೇ ಒತ್ತಾದ್ರೆ ಕಾಲೇಜು ಬುಡಿಸ್ಬುಡ್ತೀನಿ ಅಂತಾವ್ರೆ ಅವ್ರಪ್ಪ’ ಎಂದರು.

‘ಹಾಸ್ಟೆಲಿಗೆ ಹಾಕ್ಲಿಲ್ವಾ ಅಕ್ಕ?’

‘ಫೋನಲ್ಲಿ ಆಕಕ್ಕೋದೊ ಕಣಮ್ಮ. ಬೆಂಬ್ಲ ಇಲ್ಲ, ಆಗಲ್ಲ ಅಂತ ಬಂತು. ನಮ್ಗ್ಯಾರವ್ರೆ ಏಳೋರು ಕೇಳೋರು? ಎಮ್ಮೆಲ್ಲೆ ಗೊತ್ತಾ, ಮೆಂಬ್ರು ಗೊತ್ತಾ? ಇರೋದ್ನೇ ಏಳ್ತು ಅಂದ್ಕಂಡು ಸುಮ್ಕಾದೊ.’

ನಮ್ಮ ಕಡೆ ಬೆಂಬಲ ಎಂದರೆ ಹಿಂದೆ ನಿಂತು ಮಾತಾಡುವ ದೊಡ್ಡವರು. ಇಲ್ಲೇ ಹುಟ್ಟಿ ಬೆಳೆದ ನನಗೆ ಅದು ಗೊತ್ತಿಲ್ಲದ್ದೇನಲ್ಲ. ಬರೆಯುವಾಗ ಮಾತ್ರ ನೆನಪಾಗಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಸಿಟ್ಟು ಬಂತು.

‘ಅದು ನಿಮ್ಗೆ ಅಂದಿದ್ದಲ್ಲ ಕಣಕ್ಕ, ನಿಮ್ಮ ಫೋನಿಗೆ ಅಂದಿದ್ದು. ಬರ್ದಿದ್ದೂ ನಾನೇ’ ಎಂದೆ.

ಅವರಿಗೆ ಅರ್ಥವಾದಂತೆ ಕಾಣಲಿಲ್ಲ. ಅವರೆದುರೇ ಆ ತಪಾಸಣೆಯ ಸಾಲುಗಳನ್ನು ಅಳಿಸಿ, ಅವರ ಫೋನಿನಲ್ಲೇ ಪುಟ ತೆರೆದೆ. ಗಾಜು ಬಿರಿದ ಆ ಹಳೇ ಫೋನಿನಲ್ಲಿ ಅರ್ಜಿ ಒಂದಕ್ಷರವೂ ಕೆಡದೆ ಮೂಡಿತು. ಹೆಸರು, ಊರು, ಓದು, ಅಂಕ, ಬರೀ ಖಾಲಿ ಚೌಕಗಳು. ಇಷ್ಟನ್ನು ತೋರಿಸಲು ಆ ಬ್ರೌಸರ್ ಧಾರಾಳ ಸಾಕಿತ್ತು. ಅದರ ಕೈಯಲ್ಲಿ ಏನಾಗುತ್ತದೆ ಎಂದು ನಾನು ನೋಡಿಯೇ ಇರಲಿಲ್ಲ, ಬರೀ ಅದರ ಹೆಸರು ವಯಸ್ಸು ಕೇಳಿ ಬಾಗಿಲು ಹಾಕಿಬಿಟ್ಟಿದ್ದೆ.

ಆ ತಾಯಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು.

‘ಅಂಗಾರೆ ಈಗ ನಮ್ಗೂ ಬೆಂಬ್ಲ ಸಿಕ್ತೇನಮ್ಮ?’

ಹಾಸ್ಟೆಲು ಭರ್ತಿಯಾಗಿ ತಿಂಗಳಾಗಿತ್ತು. ಅದನ್ನು ನಾನೇ ಹೇಳಬೇಕಾಯಿತು. ಅವರು ಫೋನನ್ನು ಸೆರಗಿನಲ್ಲಿ ಒರೆಸಿಕೊಂಡು, ‘ಬಸ್ ಪಾಸಿಂದಾದ್ರೂ ಆಕ್ಬುಡವ್ವ’ ಎಂದರು.